ದಿವ್ಯಾ ಉಣ್ಣುವ ಹೊತ್ತು

ಬಾಣಾವರದ ಸುವರ್ಣಮ್ಮನಿಗೆ ಮಧ್ಯಾಹ್ನದ ಜೊಂಪಿನಲ್ಲಿ ದಿನಾ ಒಂದೇ ಕನಸು. ನಾಲ್ಕು ವರ್ಷದ ಮೊಮ್ಮಗಳು ದಿವ್ಯಾ ತೋಟದೊಳಗೆ ನಡೆಯುತ್ತಾ ನಡೆಯುತ್ತಾ ಎತ್ತರವಾಗುತ್ತಾಳೆ. ಲಂಗ ಮೊಣಕಾಲಿಗೇರುತ್ತದೆ, ಜಡೆ ಸೊಂಟ ಮುಟ್ಟುತ್ತದೆ, ಕೊನೆಗೆ ನಿಂತಲ್ಲೇ ಕೈಯೆತ್ತಿ ಮರದಿಂದ ಎಳನೀರು ಕಿತ್ತು ಅಜ್ಜಿಗೆ ಕೊಡುತ್ತಾಳೆ. ಅಷ್ಟರಲ್ಲಿ ಹಾಳಾದ ರೈಲು ಕೂಗಿ ಎಚ್ಚರವಾಗುತ್ತದೆ. ಪಕ್ಕದಲ್ಲಿ ಮಲಗಿದ ದಿವ್ಯಾಳಿಗೆ ಹೋದ ವರ್ಷದ ಫ್ರಾಕೇ ಇನ್ನೂ ದೊಗಳೆ.

ಆ ದಿನ ಅಂಗನವಾಡಿ ಟೀಚರ್ ಮಾಲಿನಿ ಕಾರ್ಡು ಹಿಡಿದು ಮನೆಗೇ ಬಂದಳು.

"ಸುವರ್ಣಮ್ಮೋರೆ, ಮೂರು ತಿಂಗಳಿಂದ ಇವಳ ತೂಕ ಏರಿಲ್ಲ. ಕಾರ್ಡಲ್ಲಿ ಗೆರೆ ಹಳದಿ ದಾಟಿ ಕೆಂಪಿಗೆ ಬಂದೈತೆ. ಹಿಂಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕಾಯ್ತದೆ."

ಸುವರ್ಣಮ್ಮ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಆದರೆ ಬಾಯಿ ಸುಮ್ಮನಿರಬೇಕಲ್ಲ. "ನಮ್ಮನೇಲಿ ಏನು ಕಮ್ಮಿ ಐತೆ ಕಣಮ್ಮ? ಹಾಲೈತೆ, ತುಪ್ಪ ಐತೆ, ಡಬ್ಬಿ ತುಂಬ ಕೊಬ್ಬರಿ ಮಿಠಾಯಿ ಐತೆ. ಯಾರ ಕಣ್ಣು ಬಿತ್ತೋ, ಇವತ್ತೇ ದೃಷ್ಟಿ ತೆಗೀತೀನಿ."

"ಎಲ್ಲಾ ಐತೆ, ಉಣ್ಣಬೇಕಲ್ಲ? ನಮ್ಮಲ್ಲೂ ತಟ್ಟೆ ಮುಂದಿಟ್ಕೊಂಡು ಕೈ ಕಟ್ಟಿ ಕೂತಿರ್ತಾಳೆ. ಯಾಕೇ ಅಂದ್ರೆ, 'ಎಲ್ರುದೂ ಆಗ್ಲಿ, ಆಮೇಲೆ ನಂದು' ಅಂತಾಳೆ. ಅಷ್ಟ್ರಲ್ಲಿ ತೂಕಡಿಸ್ತಾಳೆ."

ಆ ಮಾತು ಸುವರ್ಣಮ್ಮನದೇ. ಮದುವೆಯಾಗಿ ಬಂದ ಲಾಗಾಯ್ತಿನಿಂದ ಈ ಅಡುಗೆಮನೆಯಲ್ಲಿ ದಿನಕ್ಕೆರಡು ಸಲ ಆಡಿದ ಮಾತು. ಗಂಡ ಮರುಳಪ್ಪ, ಮಗ ಬಸವಕುಮಾರ್, ಕೊಬ್ಬರಿ ಸುಲಿಯುವ ಆಳುಗಳು, ಎಲ್ಲರೂ ಉಂಡೆದ್ದ ಮೇಲೆ ಅವಳ ತಟ್ಟೆ. ಸೊಸೆ ಪ್ರತಿಮಾ ಬೆಳಗಿನ ರೈಲಿಗೆ ಅರಸೀಕೆರೆಯ ಆಫೀಸಿಗೆ ಹೊರಟರೆ, ಬೆಳಗಿನ ಅಂಗನವಾಡಿಯ ಹೊತ್ತು ಬಿಟ್ಟು ಮಗು ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. "ಅಜ್ಜಿ ಜೊತೇಲೇ ಉಣ್ತೀನಿ" ಎಂದಾಗ ಸುವರ್ಣಮ್ಮ ಬೀದಿಗೆಲ್ಲ ಹೇಳಿಕೊಂಡು ಬೀಗಿದ್ದಳು. ಅಜ್ಜಿ ಉಣ್ಣುವ ಹೊತ್ತಿಗೆ ಮಗು ನಿದ್ದೆಗೆ ಜಾರಿರುತ್ತಿತ್ತು. ಮಕ್ಕಳು ನಿದ್ದೆಯಲ್ಲೇ ಬೆಳೆಯುತ್ತವೆ ಎಂದು ಅವಳು ಎಬ್ಬಿಸುತ್ತಲೂ ಇರಲಿಲ್ಲ. ಅಯ್ಯೋ ಶಿವನೇ, ಹಸಿದ ಕೂಸನ್ನು ನಾನೇ ತಟ್ಟಿ ಮಲಗಿಸಿದೆನಲ್ಲ ಎಂದು ಕಣ್ಣು ತುಂಬಿ ಬಂತು.

ಮರುದಿನ ಮಧ್ಯಾಹ್ನ ಮರುಳಪ್ಪ ಕೈಕಾಲು ತೊಳೆದು ಒಳಗೆ ಬಂದರೆ, ಅವನು ಕೂರುವ ಜಾಗದಲ್ಲಿ ಸುವರ್ಣಮ್ಮ ಕೂತಿದ್ದಳು. ಮುಂದೆ ಮುದ್ದೆ, ಸೊಪ್ಪಿನ ಸಾರು. ಪಕ್ಕದಲ್ಲಿ ದಿವ್ಯಾ.

"ಏನೇ ಇದು? ನಮ್ದಿನ್ನೂ ಆಗಿಲ್ವಲ್ಲ."

"ನಂದಾಗ್ಲಿ, ಆಮೇಲೆ ನಿಮ್ದು," ಎಂದಳು. ಕೂತಲ್ಲಿಂದ ಏಳಲಿಲ್ಲ.

ದಿವ್ಯಾ ಅಜ್ಜನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಅಜ್ಜಿ ಮೊದಲ ತುತ್ತು ನುಂಗಿದ ಮೇಲೆ ತಾನೂ ಮುದ್ದೆ ಮುರಿದು ಸಾರಿನಲ್ಲಿ ಅದ್ದಿದಳು. ಒಂದಾಯಿತು, ಇನ್ನೊಂದಾಯಿತು, ಮೂರನೆಯದಕ್ಕೆ ಕೆನ್ನೆಯೆಲ್ಲ ಸಾರು. ಹೊರಗೆ ರೈಲು ಕೂಗಿಕೊಂಡು ಹೋಯಿತು. ಮರುಳಪ್ಪ ಗೋಡೆಗೊರಗಿ ಕಾದ.

ತಟ್ಟೆ ಬರಿದು ಮಾಡಿ ಮಗು ಕೈ ನೆಕ್ಕುತ್ತಾ ತಲೆಯೆತ್ತಿತು.

"ಅಜ್ಜ, ನಮ್ದಾಯ್ತು. ಈಗ ನೀನ್ ಬಾ."