ಒಂಬತ್ತನೆಯ ಕುಳಿ

ಕಿಟಕಿಯ ಗಾಜಿನ ಮೇಲೆ ಯಾರದೋ ತಲೆಯ ಎಣ್ಣೆ, ಅಂಗೈ ಅಗಲದ ಜಿಡ್ಡು, ಅದರ ಮೂಲಕ ನಾರಾಯಣಪೇಟೆಯ ಬಸ್ ಸ್ಟ್ಯಾಂಡು ಹಳಸಿದ ಗಂಜಿಯ ಹಾಗೆ ಮಂಕಾಗಿ ಕಾಣುತ್ತಿದೆ, ಗಂಗಾಂಬಿಕಾ ಭುಜವನ್ನು ಒಳಗೆಳೆದುಕೊಂಡಳು, ತಾಗಬಾರದು, ತಾಗಿದರೆ ಗದ್ವಾಲ ಮುಟ್ಟುವವರೆಗೂ ತೋಳಿನ ಮೇಲೆ ಅದು ಹರಿದಾಡುತ್ತಲೇ ಇರುತ್ತದೆ, ಎಷ್ಟು ತಲೆಗಳು ಒರಗಿ ಬೆವರಿದ್ದವೋ, ಒರೆಸಿದರೆ ಹೋಗುವಂಥದ್ದಲ್ಲ, ಒರೆಸಿದಷ್ಟೂ ಹರಡುತ್ತದೆ — ನಿನ್ನೆ ಸಂಜೆ ಗದ್ವಾಲದ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ, ಜೀನನ್ನು ಗೆರೆಯಾಗಿ ತೋರಿಸುವ ಜೆಲ್ಲಿನ ತುಂಡನ್ನು ನೇರಳೆ ಬೆಳಕಿನ ಮೇಲೆ ಇಟ್ಟಾಗಲೂ ಇದೇ ಹೇಸಿಗೆ ಆಗಿತ್ತು, ಒಂಬತ್ತು ಸಾಲುಗಳಲ್ಲಿ ಒಂಬತ್ತು ಕಿತ್ತಳೆ ಗೆರೆ, ಎಂಟು ಸಾಲು ಕಂಪನಿಗೆ ಬೀಜ ಬೆಳೆದುಕೊಡುವ ಎಂಟು ರೈತರ ಹತ್ತಿಬೀಜದ್ದು, ಅಲ್ಲಿ ಗೆರೆ ಬಂದರೆ ಸರ್ಕಾರ ಬೇಡವೆಂದ ಜೀನು ಆ ಬೀಜದಲ್ಲಿದೆ ಎಂದರ್ಥ, ಇರಲಿ, ಬರಲಿ, ಆದರೆ ಒಂಬತ್ತನೆಯದರಲ್ಲಿ ಬೀಜವೇ ಇರಲಿಲ್ಲ, ಬರೀ ನೀರು, ಎರಡು ಸಲ ಭಟ್ಟಿ ಇಳಿಸಿದ ನೀರು, ಕಪ್ಪಾಗಿಯೇ ಉಳಿಯಬೇಕಾದ ಸಾಲು, ಅಲ್ಲಿ ಗೆರೆ ಬಂದರೆ ಉಳಿದ ಎಂಟನ್ನೂ ನಂಬುವಂತಿಲ್ಲ, ಆ ಕಪ್ಪಿನೊಳಗೆ ಬ್ಲೇಡಿನಿಂದ ಗೀರಿದಷ್ಟು ಸಣ್ಣ ಗೆರೆ, ನೀರು ಉರಿಯುತ್ತಿತ್ತು.

ಆ ಸಾಲು ಕತ್ತರಿಸಿ ಬಿಡ್ರೀ ಮೇಡಂ, ಎಂದಿದ್ದ ಮ್ಯಾನೇಜರ್ ರಾಮಚಂದ್ರ, ಎಂಟು ಮಂದಿ ಬೀಜ ಕೊಟ್ಟಾರ, ಎಂಟು ಸಾಲು ಸಾಕು, ನೀರು ಯಾರ ಹೊಲದಾಗ ಬೆಳದೈತ್ರಿ — ಏನನ್ನೂ ತಿನ್ನಬಾರದ ಕೋಣೆಯಲ್ಲಿ ನಿಂತು ಮಿರ್ಚಿ ತಿನ್ನುತ್ತ, ಎಣ್ಣೆಯ ಬೆರಳನ್ನು ಫೋಟೋದ ಮೇಲೆ ಒತ್ತಿ, ಇಲ್ಲಿಂದ ಕತ್ತರಿಸಿ ಎಂದು ತೋರಿಸಿದ್ದ, ಇವತ್ತು ಹನ್ನೊಂದಕ್ಕೆ ವರದಿಗೆ ಅವಳ ಸೈ ಆಗಬೇಕು, ಸೈ ಆದರೆ ಎಂಟು ಮಂದಿಯ ಚೀಲಗಳನ್ನು ಅಂಗಳದಲ್ಲಿ ರಾಶಿ ಹಾಕಿ ಸುಡುತ್ತಾರೆ, ಎಂಟು ಹೆಸರು ಕೃಷಿ ಕಚೇರಿಗೆ ಹೋಗುತ್ತದೆ, ಕಳ್ಳಬೀಜದವರು ಎಂಬ ಮಾತು ಅವರಿಗಿಂತ ಮುಂಚೆ ಊರು ಮುಟ್ಟುತ್ತದೆ, ಸೈ ಆಗದಿದ್ದರೆ ತಾನೇ ಮಾಡಿದ ಪರೀಕ್ಷೆಯ ಪಾತ್ರೆ ಸೋರುತ್ತದೆ ಎಂದು ಅವಳೇ ಒಪ್ಪಿಕೊಂಡಂತೆ, ಒಂದು ಕುಳಿಯ ಹಬೆ ಇನ್ನೊಂದಕ್ಕೆ ನುಗ್ಗಿದೆ, ನೀರನ್ನೂ ಕೆಡಿಸಿದೆ, ಎರಡು ವರ್ಷದ ಕೆಲಸ ಮೋರಿಗೆ, ಗುರುವಾರ ಹೈದರಾಬಾದಿನಿಂದ ಪಾತ್ರೆ ನೋಡಲು ಬರುವವರು ಚಹಾ ಕುಡಿದು ಹೊರಟುಹೋಗುತ್ತಾರೆ. ಪಾತ್ರೆ ಎಂದರೆ ಏನು, ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಅಲ್ಯೂಮಿನಿಯಂ ತಗಡು, ಅದರಲ್ಲಿ ಹುಣಸೆಬೀಜದಷ್ಟು ಕುಳಿಗಳು, ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ, ಒಳಗಿನ ರಸ ತೊಂಬತ್ನಾಲ್ಕು ಡಿಗ್ರಿಗೆ ಏರಬೇಕು, ಐವತ್ತೈದಕ್ಕೆ ಇಳಿಯಬೇಕು, ಎಪ್ಪತ್ತೆರಡಕ್ಕೆ ಏರಬೇಕು, ಹೀಗೆ ಮೂವತ್ತೈದು ಸುತ್ತು, ಒಂದೊಂದು ಸುತ್ತಿಗೂ ಜೀನು ಇಮ್ಮಡಿಯಾಗುತ್ತದೆ, ಪೇಟೆಯಿಂದ ತಂದ ಉದ್ದ ಕೊಳವೆಗಳಲ್ಲಿ ಇದಕ್ಕೆ ಎರಡೂವರೆ ತಾಸು, ದಪ್ಪ ಗೋಡೆ ಕಾಯಬೇಕು, ನಡುವಿನ ರಸಕ್ಕೆ ಬಿಸಿ ಮುಟ್ಟಬೇಕು, ಮತ್ತೆ ಆರಬೇಕು, ಅವಳ ತಗಡಿನಲ್ಲಿ ಮೂವತ್ತೆಂಟು ನಿಮಿಷ. ಇದು ಹೊಳೆದದ್ದು ಎಲ್ಲಿಂದ ಎಂದು ಯಾರಿಗೂ ಹೇಳಿಲ್ಲ, ಅಪ್ಪ ಹಂಪಣ್ಣ ಚಹಾವನ್ನು ಬಸಿಗೆ ಸುರಿದುಕೊಂಡು ಸೊರ್ರೆಂದು ಎಳೆಯುವ ಸದ್ದಿನಿಂದ, ಮೀಸೆ ಬಸಿಯಲ್ಲಿ ಅದ್ದುತ್ತಿತ್ತು, ಕೆನೆ ಮೀಸೆಗೆ ಜೋತುಬೀಳುತ್ತಿತ್ತು, ಅವಳು ಮುಖ ತಿರುಗಿಸುತ್ತಿದ್ದಳು, ಯಾಕವ್ವಾ ಮಾರಿ ಗಂಟು ಹಾಕ್ತಿ, ಬಸಿಗೆ ಹಾಕಿದ್ರ ಜಲ್ದಿ ಆರತೈತಿ, ಲೋಟದಾಗ ಇದ್ರ ನಾಲಿಗಿ ಸುಡತೈತಿ — ಹೌದು, ಹರವಾದದ್ದು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಆಳವಾದದ್ದು ಬಿಸಿಯನ್ನು ಬಚ್ಚಿಟ್ಟುಕೊಳ್ಳುತ್ತದೆ, ಕುಳಿಯ ಆಳ ಒಂದು ಮಿಲಿಮೀಟರ್ ಸಾಕು, ಗೋಡೆ ತೆಳುವಾದಷ್ಟೂ ಒಳ್ಳೆಯದು, ಎಷ್ಟು ತಗಡು ಹರಿದು ಹೋದವು, ಎಷ್ಟು ಪೊರೆ ಉಬ್ಬಿ ಸಿಡಿದವು, ಈ ಬೆಳಿಗ್ಗೆಯೂ ಅಪ್ಪ ಸೊರ್ರೆಂದ, ಅವಳು ತನ್ನ ಚಹಾ ಹಾಗೆಯೇ ಬಿಟ್ಟು ಬಸ್ಸಿಗೆ ಹೊರಟಳು.

ಮಖ್ತಲ್, ಬಸ್ಸು ನಿಂತಿತು, ಗದ್ವಾಲ ಗದ್ವಾಲ ಎಂದು ಕಂಡಕ್ಟರ್ ತಗಡು ಬಡಿದ, ಹಿಂದಿನ ಸೀಟಿನವರು ಇನ್ನೂ ಅದೇ ಮಾತಿನಲ್ಲಿದ್ದಾರೆ, ಗದ್ವಾಲ ಜಿಲ್ಲಾ ಆತು, ನಮ್ಮ ಪೇಟಿ ಏನ್ ಪಾಪ ಮಾಡಿತ್ತು, ರಾಜ್ಯ ಕೊಟ್ಟವರು ಜಿಲ್ಲಾ ಕೊಡಂಗಿಲ್ಲೇನು, ಕೊಡ್ತಾರ ತಡಿಯೋ, ನಿನ್ನ ಮೊಮ್ಮಗನ ಲಗ್ನಕ್ಕ ಕೊಡ್ತಾರ, ನಗು, ಯಾರೋ ಎಲೆ ಅಡಿಕೆಯನ್ನು ಕಿಟಕಿಯ ಹೊರಗೆ ಉಗುಳಿದರು, ಗಾಳಿ ಅದನ್ನು ಒಳಗೇ ತಂದಿತು, ಪಕ್ಕದಲ್ಲಿ ಒಬ್ಬಳು ಬಂದು ಕೂತಳು, ತೊಡೆಯ ಮೇಲೆ ದೊಡ್ಡ ಗಂಟು, ಹಳೆಯ ಸೀರೆಯಲ್ಲಿ ಕಟ್ಟಿದ ಹತ್ತಿ, ಹೊಲದಲ್ಲಿ ಕೊನೆಯ ಸಲ ಬಿಡಿಸಿದ್ದು, ಸರ್ಕೊಳ್ರೀ ಅಕ್ಕಾ ಸ್ವಲ್ಪ, ಮಗಳ ಬಾಣಂತನಕ್ಕ ಹಾಸಿಗಿ ಮಾಡಾಕ ಒಯ್ಯಾಕತ್ತೀನಿ, ಗಂಟಿನ ಹರಕಿನಿಂದ ಎಳೆಗಳು ಎದ್ದು ಬಂದವು, ಮೂಗಿಗೆ, ರೆಪ್ಪೆಗೆ, ಒಂದು ತುಟಿಯೊಳಗೇ ಹೊಕ್ಕಿತು, ನಾಲಿಗೆಯ ಮೇಲೆ ಒದ್ದೆ ಕೂದಲು ಕೂತಂತೆ, ಥೂ, ಬೆರಳಿನಿಂದ ಎಳೆದಳು, ಎಳೆ ಬಂತು, ಏನೋ ಹಲ್ಲಿನ ಸಂದಿಯಲ್ಲಿ ಉಳಿಯಿತು, ಉಗುರು ಹಾಕಿ ತೆಗೆದಳು, ಕಪ್ಪು ಚೂರು, ಹತ್ತಿಬೀಜದ ಸಿಪ್ಪೆ, ಸಾಸಿವೆಯ ಕಾಲುಭಾಗದಷ್ಟು, ಉಗುರಿನ ತುದಿಯಲ್ಲಿ ಅದನ್ನು ನೋಡುತ್ತ ನೋಡುತ್ತ ಅವಳ ಕಿವಿಯೊಳಗೆ ಬಸ್ಸಿನ ಸದ್ದು ನಿಂತುಹೋಯಿತು. ಬತ್ತಿ. ತಗಡಿನಲ್ಲಿ ಕುಳಿ ಒತ್ತುವಾಗ ಅಚ್ಚಿಗೆ ಸವರಿದ ಎಣ್ಣೆ ತಳದಲ್ಲಿ ಉಳಿಯುತ್ತದೆ, ಕಾಗದ ಅಷ್ಟು ಚಿಕ್ಕ ಮೂಲೆಗೆ ಹೋಗುವುದಿಲ್ಲ, ಅವಳು ಬತ್ತಿಯ ತುದಿಯಿಂದ ಒರೆಸುತ್ತಾಳೆ, ಪ್ರತಿ ಕುಳಿಗೂ ಹೊಸ ಬತ್ತಿ, ಅವ್ವ ಶಿವಬಸಮ್ಮ ಹೊಸೆದ ಬತ್ತಿ, ದೇವರ ಮುಂದೆ ಹಚ್ಚುವುದು ಅಂಗಡಿಯದಾಗಬಾರದು, ಮಿಷನ್ನಿಗೆ ಕೊಟ್ಟ ಹತ್ತಿ ಎಂಜಲು ಎಂದು ಅವ್ವನ ನೇಮ, ಹೊಲದಿಂದ ತಂದದ್ದನ್ನು ಸ್ನಾನವಾದ ಮೇಲೆ ಕೂತು, ಬೀಜ ಬೆರಳಿನಿಂದಲೇ ಬಿಡಿಸಿ, ವಿಭೂತಿ ಮುಟ್ಟಿ, ಮೊಣಕಾಲ ಕೆಳಗೆ ಇಟ್ಟು ಹೊಸೆಯುತ್ತಾಳೆ, ತಾಮ್ರದ ಡಬ್ಬಿಯಲ್ಲಿ ಮುಚ್ಚಿಡುತ್ತಾಳೆ, ಒಯ್ಯಿ ತಂಗಿ, ಇದಕ್ಕಿಂತ ಶುಚಿ ಅರಳಿ ಎಲ್ಲಿ ಸಿಗತೈತಿ. ಎಲ್ಲಿಯೂ ಸಿಗುವುದಿಲ್ಲ. ಹದಿನೇಳು ವರ್ಷ ಓದಿದವಳು, ಕೈಗವಸು ಹಾಕಿದವಳು, ಬಸ್ಸಿನ ಗಾಜಿಗೆ ಭುಜ ತಾಗಿಸದವಳು, ದೇವರಿಗೆ ಶುಚಿಯಾದದ್ದು ಕುಳಿಗೂ ಶುಚಿ ಎಂದು ತಂದುಕೊಂಡಳು, ಹತ್ತಿಯಲ್ಲಿ ಹತ್ತಿಯ ಜೀನು ಹುಡುಕುವ ಪಾತ್ರೆಯನ್ನು ಹತ್ತಿಯಿಂದಲೇ ಒರೆಸಿದಳು, ಬೆರಳಿನಿಂದ ಬಿಡಿಸಿದ ಬೀಜ ಸಿಪ್ಪೆ ಬಿಟ್ಟೇ ಬಿಡುತ್ತದೆ, ಕಣ್ಣಿಗೆ ಕಾಣದ ಒಂದು ಕಣ ಸಾಕು, ಮೂವತ್ತೈದು ಸುತ್ತಿನಲ್ಲಿ ಅದು ಕೋಟಿಯಾಗುತ್ತದೆ, ಈಗ ಯಾರ ಹೊಲದಲ್ಲಿ ಆ ಕಳ್ಳಜೀನು ಇಲ್ಲ, ಅವ್ವ ಹತ್ತಿ ತರುವ ಹೊಲದಲ್ಲಿಯೂ ಇರಬಹುದು — ಯಾಕ್ರೀ ಅಕ್ಕಾ, ವಾಂತಿ ಬರಾಕತ್ತೈತೇನು, ಎಂದಳು ಪಕ್ಕದವಳು, ನಿಂಬೆಹಣ್ಣು ಕೊಡಲು ಬಂದಳು, ಆ ಕೈಗೂ ಎಳೆ ಅಂಟಿತ್ತು. ಬೇಡ.

ಜೂರಾಲದ ಡ್ಯಾಮಿನ ಮೇಲೆ ಬಸ್ಸು, ಗೇಟಿನ ಕೆಳಗೆ ನೀರು ಕಂದು, ನೊರೆ, ಅವಳಿಗೆ ನೀರನ್ನು ನೋಡಲಾಗುತ್ತಿಲ್ಲ, ನೀರು ಎಂದರೆ ಗೆರೆ, ಆದರೆ ಬೇಗ ಹೋಗಬೇಕು, ಹನ್ನೊಂದರೊಳಗೆ ಮಾಡಿ ನೋಡಬಹುದು, ಲೋಟದ ಬಿಸಿಗೆ ಎರಡೂವರೆ ತಾಸು, ಬಸಿಗೆ ಮೂವತ್ತೆಂಟು ನಿಮಿಷ, ಜೆಲ್ಲಿಗೆ ಅರ್ಧ ತಾಸು. ಗದ್ವಾಲದಲ್ಲಿ ಹೊಸ ಜಿಲ್ಲೆಯ ಬೋರ್ಡುಗಳಿಂದ ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಲ್ಯಾಬಿನ ಬೀಗ ತೆರೆದವಳು ಕಸ ಗುಡಿಸುವ ಬುಚ್ಚಮ್ಮ, ಇಷ್ಟ್ ಜಲ್ದಿ ಯಾಕ್ ಬಂದ್ರೀ ಮೇಡಂ, ಇನ್ನಾ ನೆಲ ಒರಸಿಲ್ಲ, ಒರೆಸಬೇಡ, ಇವತ್ತು ಏನನ್ನೂ ಒರೆಸಬೇಡ, ಎಂದಳು, ಬುಚ್ಚಮ್ಮ ಅವಳ ಮುಖ ನೋಡಿ ಪೊರಕೆ ಹಿಡಿದು ಹೊರಗೆ ಕೂತಳು. ಹೊಸ ತಗಡು, ನಾಲ್ಕು ಕುಳಿ ಬತ್ತಿಯಿಂದ ಒರೆಸಿದ್ದು, ನಾಲ್ಕು ಸ್ಪಿರಿಟ್ಟಿನಲ್ಲಿ ತೊಳೆದು ಆರಿಸಿದ್ದು, ಎಂಟರಲ್ಲಿಯೂ ಬರೀ ನೀರು, ಏರಿತು, ಇಳಿಯಿತು, ಪೊರೆ ಉಸಿರಾಡುವ ಹೊಟ್ಟೆಯ ಹಾಗೆ ಉಬ್ಬಿ ತಗ್ಗಿತು, ಇಷ್ಟು ಚೆಂದ ಕಾಯುವ, ಇಷ್ಟು ಚೆಂದ ಆರುವ ವಸ್ತುವನ್ನು ಅವಳು ಬೇರೆ ನೋಡಿಲ್ಲ, ಆ ಹೆಮ್ಮೆಯೂ ಬಾಯಲ್ಲಿ ಹುಳಿಯಾಯಿತು, ನೇರಳೆ ಬೆಳಕು ಹಚ್ಚಿದಳು, ತೊಳೆದ ನಾಲ್ಕು ಕಪ್ಪು, ಒರೆಸಿದ ನಾಲ್ಕರಲ್ಲಿ ಗೆರೆ, ಗೆರೆ, ಗೆರೆ, ಗೆರೆ. ಪಾತ್ರೆ ಸೋರಿಲ್ಲ, ಸೋರಿದ್ದು ತಾನು. ಎಂಟು ಮಂದಿಯ ಬೀಜವನ್ನು ಮತ್ತೆ ನೋಡಬಹುದು, ಅವರ ಚೀಲ ಇನ್ನೂ ಗೋದಾಮಿನಲ್ಲಿ ಇವೆ, ಉಸಿರು ಬಿಟ್ಟಳು, ಬಿಟ್ಟ ಉಸಿರು ಅರ್ಧಕ್ಕೆ ನಿಂತಿತು, ಫೆಬ್ರವರಿ, ಮಲ್ದಕಲ್ಲಿನ ಹನುಮಮ್ಮ, ಬೀಜ ಕಟ್ಟಿಸಲು ಹೂವಿಗೆ ಹೂವು ಮುಟ್ಟಿಸಿ ಮುಟ್ಟಿಸಿ ಉಗುರು ಹಳದಿಯಾದ ಹೆಂಗಸು, ಇದೇ ಮೇಜಿನ ಮೇಲೆ ಎರಡೂ ಕೈ ಇಟ್ಟು ಹೇಳಿದ್ದಳು, ಬ್ಯಾರೆ ಬೀಜ ನನ್ನ ಹೊಲಕ್ಕ ಬಂದಿಲ್ರೀ ಅಮ್ಮಾ, ಒಂದೊಂದು ಹೂವು ನಾನಾ ಬಿಚ್ಚೀನಿ, ನಾನಾ ಕಟ್ಟೀನಿ, ಅವಳ ಎಂಟು ಚೀಲದ ಎಂಟು ಮಾದರಿ, ಆಗಿನ ತಗಡಿಗೆ ಎಂಟೇ ಕುಳಿ, ಎಂಟೂ ಬತ್ತಿಯಿಂದ ಒರೆಸಿದ್ದು, ನೀರಿಗೆ ಜಾಗ ಇಟ್ಟಿರಲಿಲ್ಲ, ಒಂದು ಕುಳಿ ಕಡಿಮೆಯಾದರೆ ಒತ್ತಿ ಒರೆಸುವ ಎರಡು ನಿಮಿಷ ಉಳಿಯುತ್ತದೆ ಎಂದು, ನೀರಿನಲ್ಲಿ ಏನು ಬರುತ್ತದೆ ಎಂದು, ಒಂಬತ್ತನೆಯದನ್ನು ಸೇರಿಸಿದ್ದು ಹೈದರಾಬಾದಿನವರು ಫೋನಿನಲ್ಲಿ ಕೇಳಿದ ಮೇಲೆ, ಅದೂ ತೋರಿಸಲಿಕ್ಕೆ, ಎಂಟಕ್ಕೆ ಎಂಟು ಗೆರೆ ಬಂದಿತ್ತು, ಇದು ಸುಳ್ಳು ಹೇಳಂಗಿಲ್ಲಮ್ಮ ಎಂದು ತಾನು ಹೇಳಿದ್ದಳು, ತಾನೇ, ಈ ಬಾಯಿಂದಲೇ.

ರಾಮಚಂದ್ರ ಹತ್ತೂವರೆಗೆ ಬಂದ, ಕತ್ತಿನ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿಕೊಳ್ಳುತ್ತ, ಎಂಟು ಮಂದಿದು ಸೈ ಆತೇನ್ರೀ, ಆಗಿಲ್ಲ ಎಂದಳು, ಎಲ್ಲವನ್ನೂ ಹೇಳಿದಳು, ಬತ್ತಿ, ಸಿಪ್ಪೆ, ತೊಳೆದ ನಾಲ್ಕು, ಒರೆಸಿದ ನಾಲ್ಕು, ತಪ್ಪು ಪಾತ್ರೆಯದಲ್ಲ, ನನ್ನದು ಎಂದಳು, ಅವನು ಬೈಯುತ್ತಾನೆ ಎಂದುಕೊಂಡಿದ್ದಳು, ಬೈದಿದ್ದರೆ ಒಳ್ಳೆಯದಿತ್ತು, ಅವನು ನಕ್ಕ, ಹಲ್ಲಿನ ಬುಡದಲ್ಲಿ ಅಡಿಕೆಯ ಕೆಂಪು, ಛಲೋ ಆತಲ್ರೀ ಮತ್ತ, ಪಾತ್ರಿ ಗಟ್ಟಿ ಐತಿ ಅಂದಂಗಾತು, ಗುರುವಾರ ತೋರಸ್ರಿ, ಈ ಎಂಟು ಮಂದೀದು ಇನ್ನೊಮ್ಮಿ ಮಾಡಿ ಸೈ ಹಾಕ್ರಿ, ಬತ್ತಿ ಸುದ್ದಿ ಯಾರ ಮುಂದೂ ಎತ್ತಬ್ಯಾಡ್ರಿ, ನಕ್ಕಾರು. ಹನುಮಮ್ಮಂದು, ಎಂದಳು. ಯಾವ ಹನುಮಮ್ಮ. ಮಲ್ದಕಲ್. ಅವನು ಕರವಸ್ತ್ರ ಮಡಚಿದ, ನಾಲ್ಕು ಮಡಿಕೆ, ಧೂಳು ಒಳಗೆ. ಅದು ಸುಟ್ಟು ಬೂದಿ ಆಗೈತಲ್ರೀ ಮೇಡಂ, ಬೂದೀನ ಏನ್ ಟೆಸ್ಟ್ ಮಾಡ್ತೀರಿ.

ಅವನು ಹೋದ, ಹನುಮಮ್ಮನ ಚೀಲ ಸುಟ್ಟ ದಿನದ ವಾಸನೆ ನೆನಪಿಗೆ ಬಂತು, ಹತ್ತಿಬೀಜ ಉರಿದರೆ ಒಗ್ಗರಣೆ ಸೀದ ವಾಸನೆ, ಎರಡು ದಿನ ತಲೆಗೂದಲಿನಿಂದ ಹೋಗಿರಲಿಲ್ಲ, ಈ ವರ್ಷ ಕಂಪನಿಯವರು ಹನುಮಮ್ಮನಿಗೆ ಬಿತ್ತಲು ಮೂಲಬೀಜ ಕೊಟ್ಟಿಲ್ಲ, ಅವಳನ್ನು ಕೂಲಿಗೂ ಕರೆಯುತ್ತಿಲ್ಲವಂತೆ, ಕಳ್ಳಬೀಜದಾಕಿ ಹೂವು ಮುಟ್ಟಿದರೆ ಹೊಲ ಕೆಡುತ್ತದಂತೆ, ಗಂಗಾಂಬಿಕಾ ಬಿಳಿ ಹಾಳೆ ಎಳೆದುಕೊಂಡಳು, ಮಲ್ದಕಲ್ ಹನುಮಮ್ಮನವರ ಎಂಟು ಚೀಲ ಬೀಜದ ಬಗ್ಗೆ ನಾನು ಕೊಟ್ಟ ವರದಿ ಎಂದು ಬರೆದಳು, ಮುಂದೆ, ತಪ್ಪು ಎಂದು ಬರೆಯಬೇಕು, ತಪ್ಪು ಎಂದು ಹೇಗೆ ಗೊತ್ತು, ಸರಿ ಎಂದೂ ಹೇಗೆ ಗೊತ್ತು, ಬೀಜ ಇಲ್ಲ, ನೀರು ಇಟ್ಟಿರಲಿಲ್ಲ, ಆ ಹೆಂಗಸು ನಿಜ ಹೇಳಿರಬಹುದು ಎಂದು ಲೋಕಕ್ಕೆ ತೋರಿಸಬಹುದಾಗಿದ್ದದ್ದು ಒಂದೇ ಒಂದು ಕುಳಿ, ಅದನ್ನು ಎರಡು ನಿಮಿಷಕ್ಕಾಗಿ ತಾನು ಒತ್ತಲಿಲ್ಲ, ನಂಬತಕ್ಕದ್ದಲ್ಲ ಎಂದು ಬರೆದಳು, ಪಾತ್ರೆಯನ್ನು ನಾನೇ ಹತ್ತಿಯಿಂದ ಒರೆಸಿದ್ದೆ ಎಂದು ಬರೆದಳು, ಸೈ ಹಾಕಿದಳು, ಕೃಷಿ ಕಚೇರಿಗೆ ಒಂದು ಪ್ರತಿ, ಮಲ್ದಕಲ್ಲಿಗೆ ಒಂದು, ಜೊತೆಗೆ ಇಡಲು ಫೆಬ್ರವರಿಯ ಫೋಟೋ ತೆಗೆದಳು, ಎಂಟು ಸಾಲು, ಎಂಟು ಗೆರೆ, ಎಂಟನೆಯದರ ಪಕ್ಕ ಬೆರಳಗಲದ ಕಪ್ಪು ಜಾಗ, ಅಲ್ಲಿ ಸಾಲೇ ಇಲ್ಲ, ಏನೂ ಇಲ್ಲ, ನೋಡಿದಳು, ಕಣ್ಣು ಮುಚ್ಚಿ ಮತ್ತೆ ನೋಡಿದಳು, ಕಪ್ಪು, ಆ ಕಪ್ಪಿನಲ್ಲಿ ಅವಳ ಕಣ್ಣಿಗೆ ಕಿತ್ತಳೆ, ಬ್ಲೇಡಿನಿಂದ ಗೀರಿದಷ್ಟು ಸಣ್ಣ, ಗೆರೆ, ನೀರಿನಲ್ಲಿ ಗೆರೆ, ಇಲ್ಲದ ನೀರಿನಲ್ಲಿ —