ದಾನಯ್ಯನ ಹೂಂ

ಬದರಿ ವ್ಯಾನಿನ ಹಾರ್ನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸೋನಾರ್‌ಪುರದ ರಸ್ತೆಯಲ್ಲಿ ಇ-ರಿಕ್ಷಾ, ತಳ್ಳುಗಾಡಿ, ಎಮ್ಮೆ ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತಿದ್ದವು. ವ್ಯಾನಿನ ಒಡೆಯ ದಾನಯ್ಯ ಹಿಂದಿನ ಸೀಟಿನಲ್ಲಿ ವಿಭೂತಿ ಬಳಿಸಿಕೊಂಡು, ಹಾರ ಹಾಕಿಸಿಕೊಂಡು ನೆಟ್ಟಗೆ ಕೂತಿದ್ದ. ನಿನ್ನೆ ಪ್ರಾಣ ಬಿಟ್ಟವನು. ಊರೆಲ್ಲ ಹೆಣ ಸುಡುವ ಕಾಶಿಯಲ್ಲಿ ಇವರದು ಕೂರಿಸಿ ಮಣ್ಣು ಮಾಡುವ ಪದ್ಧತಿ. ಹೆಂಡತಿ ಬಸಲಿಂಗಮ್ಮ ಪಕ್ಕದಲ್ಲಿ ಅವನ ಭುಜ ಹಿಡಿದು ಕೂತಿದ್ದಳು.

"ಅತ್ತಿಗಿ, ಇನ್ನೂ ಹೊತ್ತು ಮೀರಿಲ್ಲ," ಎಂದ ಮೈದುನ ಹಾಲಯ್ಯ. ಕೊಟ್ಟೂರಿನಿಂದ ಓಡಿಬಂದಿದ್ದ. "ಅಣ್ಣನ್ನ ಊರಿಗೇ ಒಯ್ಯೋಣು. ಅಪ್ಪ-ಅವ್ವನ ಮಗ್ಗುಲಾಗ ಜಾಗ ಐತಿ."

"ಎಷ್ಟ್ ಸಲ ಹೇಳ್ಲಿ? ನಾನೇ ಕೇಳೀನಿ. ಇಲ್ಲೇ ಅಂದೆ, ಹೂಂ ಅಂದ್ರು."

*

ಹೋದ ತಿಂಗಳು. ದಾನಯ್ಯ ಬಟಾಣಿ ಸುಲಿಯುತ್ತಿದ್ದ.

"ನಾಳೆ ಏನಾರ ಆದ್ರ ಇಬ್ರೂ ಇಲ್ಲೇ ಮಣ್ಣಾಗೋಣು. ಊರಾಗ ನನಗ್ಯಾರದಾರ?" ಎಂದಿದ್ದಳು ಬಸಲಿಂಗಮ್ಮ.

"ಹೂಂ" ಎಂದಿದ್ದ, ತಲೆ ಎತ್ತದೆ. ಮದುವೆಯಾದಾಗಿನಿಂದ ಅವಳ ಹತ್ತು ಮಾತಿಗೆ ಅವನದು ಒಂದೇ ಹೂಂ. ಮಾತು ಬೆಳ್ಳಿ, ನನ್ನ ಗಂಡ ಬಂಗಾರ ಎಂದು ಅವಳೇ ನಗುತ್ತಿದ್ದಳು.

*

ಬದರಿ ಇಳಿದು ಮುಂದಿನ ಜಾಲರಿಯೊಳಗೆ ಕೈಹಾಕಿ ನೋಡಿ ಬಂದ. ಜಂಗಮವಾಡಿಯ ಮೆಕ್ಯಾನಿಕ್, ಕನ್ನಡ ಈ ನೆರೆಮನೆಯವರಿಂದಲೇ ಕಲಿತದ್ದು.

"ಗುಂಡಿ ಒತ್ತಿದ್ರೆ ರಿಲೇಗೆ ಖಬರ್ ಹೋಗ್ತದೆ, ಚಾಚೀ. ರಿಲೇ ಟಿಕ್ ಅಂತ ಕರೆಂಟ್ ಬಿಡ್ತದೆ. ಆ ಕರೆಂಟಿಗೆ ಹಾರ್ನ್ ಒಳಗಿನ ಪರದೆ ನಡುಗ್ಬೇಕು, ಆಗ ಆವಾಜ್. ಟಿಕ್ ಬರ್ತಿದೆ. ಪರದೆಗೆ ಪೂರಾ ತುಕ್ಕು. ವರ್ಷದಿಂದ ಹೀಗೇ ಇದೆ."

"ಮೊನ್ನಿನೂ ಇವರು ಒತ್ತತಿದ್ರಲ್ಲೋ."

"ಒತ್ತೋರು. ಆವಾಜ್ ಬರಲ್ಲ ಅಂತ ನಾನು ಹೇಳ್ದಾಗ್ಲೂ ಹೂಂ ಅಂದ್ರು." ಬದರಿ ತಡವರಿಸಿದ. "ಚಾಚಾಗೆ ಕಿವಿ ಕೇಳ್ತಿರ್ಲಿಲ್ಲ. ಗಾಡಿ ಓಡಿಸೋದು ಬಿಡಿಸ್ತಾರೆ ಅಂತ ನನ್ನ ಬಿಟ್ಟು ಯಾರ ಹತ್ರಾನೂ ಹೇಳ್ಲಿಲ್ಲ. ನಿಮಗೂ ಗೊತ್ತಿಲ್ವಾ?"

ಬಸಲಿಂಗಮ್ಮ ಗಂಡನ ಕಡೆ ತಿರುಗಿದಳು. ಕೇಳಿಸಿಕೊಂಡು ಅಂದ ಹೂಂ ಯಾವುದು, ಸುಮ್ಮನೆ ಅಂದದ್ದು ಯಾವುದು? ಊರಿನ ಆಸೆ ಇತ್ತೋ ಏನೋ ಆ ಮನುಷ್ಯನಿಗೆ. ವರ್ಷವೆಲ್ಲ ಗೋಡೆಗೆ ಮಾತಾಡಿದೆನೇ ಎಂದು ಮೊದಲು ಸಿಟ್ಟು ಬಂತು, ಆಮೇಲೆ ಅಳು.

"ಎತ್ಲಾಗ ಹೋಗೂದು, ಅತ್ತಿಗಿ?" ಹಾಲಯ್ಯ ಮೆಲ್ಲಗೆ ಕೇಳಿದ.

ಅವಳು ಕಣ್ಣೊರೆಸಿಕೊಂಡು, ಗಂಡನ ಕಿವಿಗೆ ಬಾಯಿ ಹಚ್ಚಿ, ರಸ್ತೆಗೆಲ್ಲ ಕೇಳುವಂತೆ ಕೂಗಿದಳು. "ಏನ್ರೀ, ಇಲ್ಲೇ ಇರ್ತೀರೋ, ಊರಿಗೆ ಹೋಗ್ತೀರೋ?"

ಪಕ್ಕದ ಇ-ರಿಕ್ಷಾದಲ್ಲಿದ್ದ ಹೆಂಗಸು, ವ್ಯಾನಿನಲ್ಲಿ ಕೂತವರು ಯಾರೋ ಮಹಾತ್ಮರೆಂದುಕೊಂಡು ಕೈಮುಗಿದು, ಉತ್ತರ ಕೇಳಲು ಕಿವಿಗೆ ಸುತ್ತಿದ್ದ ಶಾಲನ್ನು ಸರಿಸಿದಳು.