ಮನುಷ್ಯರು ಕಾಲಿಡದ ಬರೆ

“ಏ ಚಿಕ್ಕಿ, ಕಣ್ಣೇನು ಕುಂಡೀಲಿ ಇಟ್ಕೊಂಡಿದ್ಯಾ? ಇಪ್ಪತ್ತನೇ ವರ್ಷಕ್ಕೆ ಬರ್ಬೇಕಾದ ಹಲಸು ಎಂಟನೇ ವರ್ಷಕ್ಕೇ ಬಂದು ನಿಂತದೆ. ಕಿತ್ತಿಲ್ಲ ಯಾಕೆ, ಬೇವರ್ಸಿ?”

ಬೇಲಿಯ ಆಚೆ ನಿಂತು ಕೂಗಿದವನು ತೋಟದ ರೈಟರ್ ರೇಣುಕಪ್ರಸಾದ್. ನಮ್ಮ ಕೆಲಸ ನೋಡಿಕೊಳ್ಳುವವನು ಅವನೇ. ಆದರೆ ಬೇಲಿ ದಾಟುವುದಿಲ್ಲ. ದಾಟಿದರೆ ಒಳಗೆ ಮನುಷ್ಯ ಕಾಲಿಟ್ಟ ಹಾಗಾಗುತ್ತದೆ.

“ನನ್ನ ಕೇಳಿ ಬಂತಾ ರೈಟ್ರೇ ಅದು? ಆನೆ ಲದ್ದಿ ಹಾಕ್ತು, ಹುಟ್ಕೊಂತು,” ಎಂದಳು ಚಿಕ್ಕಿ.

“ಆನೆಗೆ ಬುದ್ಧಿ ಇಲ್ಲ, ನಿಂಗೂ ಇಲ್ವಾ? ಚಾರ್ಟಲ್ಲಿ ಏನದೆ? ಈ ವರ್ಷ ಉಪ್ಪಳಿಗೆ ಮಾತ್ರ. ಕೀಳು!”

ಚಿಕ್ಕಿ ಮಂಡಿಯೂರಿ, ಆ ಮೊಳದುದ್ದದ ಗಿಡವನ್ನು ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕಿತ್ತಳು. ಹಿಂದಿನಿಂದ ನಾನು ಕಡ್ಡಿ ಪೊರಕೆಯಲ್ಲಿ ಅವಳ ಹೆಜ್ಜೆಗಳನ್ನು ಗುಡಿಸುತ್ತ ಬಂದೆ. ನನ್ನ ಹೆಸರು ಕಾಮಾಕ್ಷಮ್ಮ. ಆ ಬೇಲಿಯೊಳಗೆ ಮಾತ್ರ ನಾನು ಗಾಳಿ.

ಇದನ್ನು ಸಾವಧಾನವಾಗಿ ಹೇಳಬೇಕು.

ಎಂಟು ಮಳೆಗಾಲದ ಹಿಂದೆ, ಮಾದಾಪುರದ ಆಚೆಗಿರುವ ನಮ್ಮ ತೋಟದ ಈ ಬರೆ, ಈ ಕಡಿದಾದ ಗುಡ್ಡದ ಮೈ, ಕುಸಿಯಿತು. ಅದರ ಬುಡದಲ್ಲಿ ಕೆಲಸದವರ ಲೈನು ಇತ್ತು, ಸಾಲಾಗಿ ಎಂಟು ಮನೆ. ಹಿಂದಿನ ದಿನವೇ ನಾವೆಲ್ಲ ಮಕ್ಕಳನ್ನು ಎತ್ತಿಕೊಂಡು ಗಂಜಿ ಕೇಂದ್ರಕ್ಕೆ ಹೋಗಿದ್ದೆವು. ಅದು ದೇವರ ದಯೆ. ಗೋಡೆ ಹೋಯಿತು, ಹೆಂಚು ಹೋಯಿತು, ಹಿತ್ತಿಲು ಮಾತ್ರ ಚಾಪೆ ಎಳೆದ ಹಾಗೆ ಇಡಿಯಾಗಿ ಕೆಳಕ್ಕೆ ಜಾರಿ ನಿಂತಿತು. ಮನೆ ಕಳೆದುಕೊಂಡವರ ಪಟ್ಟಿ ಮಾಡಲು ಬಂದ ಅಧಿಕಾರಿಗಳಿಗೆ ತೋಟದ ಸಾಹುಕಾರ್ ಮೊಣ್ಣಪ್ಪನವರು, “ಅಲ್ಲಿ ಲೈನೇ ಇರ್ಲಿಲ್ಲ, ಗೊಬ್ಬರದ ಶೆಡ್ ಇತ್ತು” ಎಂದರು. ಬರೆಯ ಬುಡ ಕೊರೆಸಿ ಲೈನು ಕಟ್ಟಿಸಿದವರು ಅವರೇ. ಲೈನು ಇತ್ತೆಂದರೆ ಬುಡ ಕೊರೆಸಿದವರು ಯಾರೆಂಬ ಮಾತು ಬರುತ್ತಿತ್ತು. ಗೊಬ್ಬರಕ್ಕೆ ಸರ್ಕಾರ ಮನೆ ಕಟ್ಟಿಕೊಡುವುದಿಲ್ಲ. ನಾವು ಎಂಟೂ ಸಂಸಾರದವರು ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೆಯ ಪಲ್ಪರ್ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕಟ್ಟಿಕೊಂಡು ಉಳಿದೆವು.

ಬರೆ ಕೆಂಪಗೆ, ಚರ್ಮ ಸುಲಿದ ಹಾಗಿತ್ತು. ದೇವರು ಯಾವುದನ್ನೂ ಬೆತ್ತಲೆ ಬಿಡಲಾರ. ಮೊದಲು ಕಲ್ಲಿನ ಮೇಲೆ ಪಾಚಿ ಬಂತು. ಆಮೇಲೆ ಯಾರೂ ಕರೆಯದೆ ಹುಲ್ಲು ಬಂತು, ಜರೀಗಿಡ ಬಂತು. ಅವು ಬೇರು ಬಿಟ್ಟು ಮಣ್ಣನ್ನು ಹಿಡಿದವು, ಸತ್ತು ಕೊಳೆತು ಮಣ್ಣಾದವು. ಆ ಮಣ್ಣಿನಲ್ಲಿ ನೆಕ್ಕರಿಕ, ಲಂಟಾನದ ಪೊದೆಗಳು. ಅವುಗಳ ಮರೆಯಲ್ಲಿ, ಛತ್ರಿಯಂಥ ಎಲೆಯ ಉಪ್ಪಳಿಗೆ. ಉಪ್ಪಳಿಗೆ ತಲೆಯೆತ್ತಿದಲ್ಲೆಲ್ಲ ಹುಲ್ಲಿಗೆ ಬಿಸಿಲಿಲ್ಲ. ಬಿಳಿಚಿ ಒಣಗಿ ಹೋಯಿತು.

“ನೋಡೇ ಕಾಮಾಕ್ಷಿ,” ಎಂದಿದ್ದಳು ಚಿಕ್ಕಿ ಒಂದು ದಿನ, “ಮಣ್ಣು ಕಟ್ಟಿದ್ದು ಹುಲ್ಲು. ಈಗ ಅದಕ್ಕೇ ಜಾಗ ಇಲ್ಲ.”

“ಇನ್ನು ಉಪ್ಪಳಿಗೆದೂ ಅಷ್ಟೇ. ಹಲಸು, ಧೂಪ ಬಂದ್ರೆ ಅದೂ ಹೋಯ್ತದೆ,” ಎಂದೆ.

“ನಮ್ಮ ಧಣಿ ಯಾವ ಮರವೇ ಹಂಗಾರೆ?”

“ಸಿಲ್ವರ್ ಓಕು. ಯಾರೋ ನೆಡ್ಬೇಕು, ಯಾರೋ ಗೊಬ್ಬರ ಹಾಕ್ಬೇಕು.”

ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು.

ಮೂರನೇ ವರ್ಷ ಒಂದು ಕಂಪನಿ ಬಂತು. ಮರಗಳು ಬಿಡುವ ಗಾಳಿಯನ್ನು ದೂರದ ದೇಶದವರಿಗೆ ಮಾರುವ ಕಂಪನಿಯಂತೆ. ಈ ಬರೆ ತನ್ನಷ್ಟಕ್ಕೆ ತಾನೇ ಕಾಡಾದರೆ ಮೊಣ್ಣಪ್ಪನವರಿಗೆ ವರ್ಷಾವರ್ಷ ಹಣ. ಒಂದೇ ಷರತ್ತು, ಮನುಷ್ಯರ ಕೈ ಸೋಕಬಾರದು. ಸುತ್ತ ಬೇಲಿ ಹಾಕಿಸಿ, ‘ಮನುಷ್ಯರು ಕಾಲಿಡದ ಜಾಗ’ ಎಂದು ಬೋರ್ಡ್ ಬರೆಸಿದರು. ಯಾವ ವರ್ಷ ಯಾವ ಗಿಡ ಬರಬೇಕು ಎಂಬ ಚಾರ್ಟೂ ಬಂತು. ಪರೀಕ್ಷೆ ಮಾಡಲು ವರ್ಷಕ್ಕೊಮ್ಮೆ ಗಾನವಿ ಮೇಡಂ ಬರುತ್ತಾರೆ, ಬೂಟು ಹಾಕಿಕೊಂಡ ಚಿಕ್ಕ ಪ್ರಾಯದ ಹೆಣ್ಣುಮಗಳು.

ಮೊದಲ ಸಲ ಬಂದಾಗ ಅವರು ಹಲಸಿನ ಸಸಿ ನೋಡಿ ಹುಬ್ಬು ಗಂಟಿಕ್ಕಿದರು. “ಇದು ಇಷ್ಟು ಬೇಗ ಬರಲ್ಲ. ಯಾರೋ ನೆಟ್ಟಿದ್ದಾರೆ.” ಯಾರೂ ನೆಟ್ಟಿರಲಿಲ್ಲ. ಆದರೆ ಆ ವರ್ಷದ ಹಣ ನಿಂತಿತು. ಅಂದಿನಿಂದ ತಾನಾಗಿ ಹುಟ್ಟಿದ್ದನ್ನು ಕೀಳುವುದು, ತಾನಾಗಿ ಹುಟ್ಟಿದಂತೆ ಕಾಣುವುದನ್ನು ಬೇರೆಡೆಯಿಂದ ತಂದು ನೆಡುವುದು ನಮ್ಮ ಕೆಲಸವಾಯಿತು. ಮನುಷ್ಯರು ಕಾಲಿಡದ ಆ ಜಾಗಕ್ಕೆ ದಿನಾ ಎಂಟು ಹೆಂಗಸರು ಹೋಗುತ್ತಿದ್ದೆವು.

ರೈಟರ್ ಹೇಳಿಕೊಟ್ಟಿದ್ದ: “ಬೀಜ ತರೋದು ಯಾರು? ಗಾಳಿ, ಹಕ್ಕಿ, ಆನೆ. ಅದಕ್ಕೆ ಕಂಪನಿ ತಕರಾರಿಲ್ಲ. ಬೇಲಿ ದಾಟಿದ ಮೇಲೆ ನೀವು ಅವೇ. ಕಾಮಾಕ್ಷಮ್ಮ ಗಾಳಿ. ಚಿಕ್ಕಿ ಮಂಗಟ್ಟೆ ಹಕ್ಕಿ. ವಿಮಲಮ್ಮ...”

“ಆನೆ ಅಂತೀಯಾ? ಹೇಳು, ಹೇಳು ಬಾಯ್ಬಿಟ್ಟು!” ಎಂದಳು ದಪ್ಪನೆಯ ವಿಮಲಮ್ಮ.

“ಲದ್ದಿ ಬುಟ್ಟಿ ಹೊರೋದು ನೀನೇ ಅಲ್ವಾ?”

ಒಂದು ದಿನ ಮಧ್ಯಾಹ್ನದ ಬುತ್ತಿ ತಿನ್ನಲು ಒಳಗೆ ಕೂತಾಗ, “ಹಕ್ಕಿ ಅನ್ನ ತಿಂತದಾ?” ಎಂದು ರೈಟರ್ ಚಿಕ್ಕಿಯ ಡಬ್ಬಿಗೆ ಬೇಲಿಯಾಚೆಯಿಂದ ಕಲ್ಲು ಹೊಡೆದ. ಅನ್ನ ಮಣ್ಣಿಗೆ ಬಿತ್ತು. ಅದನ್ನೂ ಗುಡಿಸಲು ನನಗೇ ಹೇಳಿದ.

ಅರಿಶಿನದ ಗಲಾಟೆ ಶುರುವಾದದ್ದು ಈ ವರ್ಷ.

ನಮ್ಮ ಲೈನಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಮನೆಯಲ್ಲಿ ಹೆರಿಗೆಯಾದರೂ, ಬಾಣಂತಿಗೆ ಮೊದಲ ನೀರು ಹಾಕಿದ ದಿನ, ಆ ನೀರು ಹರಿದು ಹೋಗುವ ಬಚ್ಚಲ ಬಾಯಿಯಲ್ಲಿ ಒಂದು ಅರಿಶಿನದ ಕೊಂಬು ಊರುವುದು. ಒಂದು ಮಗುವಿಗೆ ಒಂದು ಬುಡ. ಚಿಕ್ಕಿಯ ಹಿತ್ತಿಲಲ್ಲಿ ಮೂರು, ನನ್ನದರಲ್ಲಿ ಎರಡು, ವಿಮಲಮ್ಮನದರಲ್ಲಿ ನಾಲ್ಕು. ಹೊಟ್ಟೆಯಲ್ಲೇ ಹೋದದ್ದಕ್ಕೂ ಒಂದು ಊರುತ್ತಿದ್ದೆವು. ಹಿತ್ತಿಲು ಜಾರಿದಾಗ ಅವೂ ಸಾಲು ಕೆಡದೆ ಜಾರಿದ್ದವು. ರೈಟರ್ ಪ್ರತಿ ಮಳೆಗಾಲವೂ ಎಲೆ ಕೊಯ್ಯಿಸುತ್ತಿದ್ದ. ಮರುವರ್ಷ ಅವು ಮತ್ತೆ ಏಳುತ್ತಿದ್ದವು; ಈ ವರ್ಷ ಕೊಯ್ದ ಮೇಲೂ ಚಿಗುರಿ ನಿಂತಿದ್ದವು. ಕಿತ್ತರೆ ಗುಂಡಿ ಬಿದ್ದು ಕಾಣುತ್ತದೆಂದು ಅವನಿಗೆ ಅಂಜಿಕೆ.

ಪಲ್ಪರ್ ಶೆಡ್ಡನ್ನು ಹೋಂಸ್ಟೇ ಮಾಡುತ್ತಾರಂತೆ, ಈ ಸಲದ ಕಾಫಿ ಪಿಕ್ಕಿಂಗ್ ಮುಗಿಯುವಷ್ಟರಲ್ಲಿ ನಾವು ಖಾಲಿ ಮಾಡಬೇಕಂತೆ ಎಂಬ ಸುದ್ದಿ ಆ ಹೊತ್ತಿಗೆ ಬಂತು. ಪಟ್ಟಿಯಲ್ಲಿ ಬಿಟ್ಟುಹೋದವರ ಮನೆ ಪರಿಶೀಲನೆಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಗುರುವಾರ ಬರುತ್ತಾರೆ, ಅದೇ ಕೊನೆಯ ಸಲ ಎಂಬುದೂ ಬಂತು.

“ನಾವು ಅಲ್ಲಿದ್ವಿ ಅನ್ನಕ್ಕೆ ಗೋಡೆ ಇಲ್ಲ, ಕಾಗದ ಇಲ್ಲ. ಅರಿಶಿನ ಅದೆಯಲ್ಲ!” ಎಂದಳು ಚಿಕ್ಕಿ.

ಯಾರೋ ಈ ಮಾತನ್ನು ಮುಟ್ಟಿಸಿದರು. ಬುಧವಾರ ಮೊಣ್ಣಪ್ಪನವರೇ ಬೇಲಿಯ ಬಳಿ ಬಂದರು.

“ಚಿಕ್ಕಿ, ಬಾ ಇಲ್ಲಿ. ಆ ಅರಿಶಿನ ಪೂರ್ತಿ ಅಗೆದು ತೆಗಿ.”

“ಆಗಲ್ಲ ಧಣಿ.”

“ಏನಂದೆ?”

“ಮಂಗಟ್ಟೆ ಹಣ್ಣು ತಿಂತದೆ. ನೆಲ ಅಗೆಯಲ್ಲ.”

ಮೊಣ್ಣಪ್ಪನವರ ಮುಖ ಕೆಂಪಗಾಯಿತು. “ಮುಂಡೇದೇ! ನಿನ್ನ ಅತ್ತೆ ನಮ್ಮನೆ ಕೊಟ್ಟಿಗೇಲಿ ಗಂಜಿ ಕುಡ್ದವ್ಳು. ಹಂದಿ ಹಾಗೆ ಬಿದ್ದಿದ್ದವ್ರಿಗೆ ಸೂರು ಕೊಟ್ರೆ ನಂಗೇ ಎದುರಾಡ್ತೀಯಾ? ನಾಳೆ ಒಬ್ಬಳೂ ಬೇಲಿ ಒಳಗೆ ಕಾಣ್ಬಾರ್ದು. ಕಾಫಿ ಗಿಡದ ಅಡೀಲಿ ಕೂತಿರ್ಬೇಕು. ಕೆಮ್ಮಿದ್ರೆ ನಾಯಿ ಬಿಡ್ತೀನಿ.”

ಆಮೇಲೆ ರೈಟರ್ ಕಡೆ ತಿರುಗಿ ಮೆಲ್ಲಗೆ, “ಅದು ಕಾಡು ಅರಿಶಿನ ಅಂತ ಹೇಳುವ” ಎಂದರು.

ಗುರುವಾರ ಎರಡು ಜೀಪು ಬಂದವು. ಎರಡಕ್ಕೂ ಒಂದೇ ಊಟದಲ್ಲಿ ಮುಗಿಯಲಿ ಎಂದು ಮೊಣ್ಣಪ್ಪನವರು ಗಾನವಿ ಮೇಡಂ ಅವರನ್ನೂ ಅದೇ ದಿನ ಕರೆಸಿದ್ದರು. ಬಂಗಲೆಯಿಂದ ಹಂದಿ ಸಾರಿನ ವಾಸನೆ ಬರೆಯವರೆಗೂ ಬರುತ್ತಿತ್ತು. ನಾವು ಕಾಫಿ ಗಿಡಗಳ ಅಡಿಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆವು. ಗಾಳಿ ಕೂತಿತ್ತು, ಹಕ್ಕಿ ಕೂತಿತ್ತು, ಆನೆಗೆ ಇರುವೆ ಕಚ್ಚುತ್ತಿತ್ತು.

ಗಾನವಿ ಮೇಡಂ ಒಳಗೆ ಹೋಗಿ ಅರಿಶಿನದ ಸಾಲಿನ ಮುಂದೆ ನಿಂತರು.

“ಇದೇನು?”

“ಕಾಡು ಅರಿಶಿನ ಮೇಡಂ. ನಮ್ಮ ಕಾಡಲ್ಲಿ ತುಂಬಾ ಬತ್ತದೆ,” ಎಂದರು ಮೊಣ್ಣಪ್ಪನವರು.

ಮೇಡಂ ಬಗ್ಗಿ ಒಂದು ಕೊಂಬು ಕಿತ್ತು, ಮುರಿದು ಮೂಸಿದರು. ಒಳಗೆ ಗಾಢ ಹಳದಿ. “ಅಡುಗೆ ಅರಿಶಿನ ಇದು. ಮತ್ತೆ ಹೀಗೆ ಸಾಲಾಗಿ ಯಾವ ಕಾಡೂ ಬೆಳೆಯಲ್ಲ. ಇಲ್ಲಿ ಯಾರಿದ್ದರು?”

“ಯಾರೂ ಇಲ್ಲ. ಎಲ್ಲ ಸರಿ ಉಟ್ಟು ಮೇಡಂ, ಎಲ್ಲ ಸರಿ ಉಟ್ಟು,” ಎಂದು ಅವರು ಗಾಬರಿಯಲ್ಲಿ ‘ಇದೆ’ ಎನ್ನುವುದನ್ನೂ ಮರೆತು ತಮ್ಮ ಮನೆಮಾತಿಗೇ ಇಳಿದರು.

ನನ್ನ ಪಕ್ಕದಲ್ಲಿ ಕೂತಿದ್ದ ಚಿಕ್ಕಿ ಎದ್ದಳು. ನಾನು ಸೆರಗು ಹಿಡಿದೆ. ಸೆರಗು ನನ್ನ ಕೈಯಿಂದ ಜಾರಿತು. ಅವಳು ಬೇಲಿ ದಾಟಿ, ಹೆಜ್ಜೆ ಊರಿ ಊರಿ ನಡೆದು, ಅರಿಶಿನದ ಬುಡದಲ್ಲಿ ನಿಂತಳು.

“ನಾವಿದ್ವಿ ಕಣವ್ವ. ಇದು ನನ್ನ ದೊಡ್ಡವನು, ಇದು ನನ್ನ ಮಗಳು. ಇದು ಹುಟ್ಟಿ ಮೂರನೇ ದಿನಕ್ಕೆ ಹೋಯ್ತು. ಆ ಎರಡು ಕಾಮಾಕ್ಷಮ್ಮಂದು.”

“ಯಾರಿವರು? ಇಲ್ಲಿ ಮನುಷ್ಯರು ಓಡಾಡ್ತಾರಾ?” ಮೇಡಂ ಮೊಣ್ಣಪ್ಪನವರ ಕಡೆ ತಿರುಗಿದರು. “ಹಾಗಿದ್ರೆ ಪ್ರಾಜೆಕ್ಟೇ ಕ್ಯಾನ್ಸಲ್.”

“ಇಲ್ಲ ಮೇಡಂ! ಅದು ಮನುಷ್ಯ ಅಲ್ಲ!” ಮೊಣ್ಣಪ್ಪನವರು ಎರಡೂ ಕೈ ಆಡಿಸಿದರು. “ಮಂಗಟ್ಟೆ ಅದು!”

ರೈಟರ್ ಬೇಲಿಯಾಚೆ ನಿಂತು ತಲೆಯಾಡಿಸಿ, “ಹೌದು ಮೇಡಂ, ಐದು ವರ್ಷದಿಂದ ಮಂಗಟ್ಟೆನೇ” ಎಂದ.

ಬಿಸಿಲಿಗೆ ಟೋಪಿ ಹಾಕಿಕೊಂಡಿದ್ದ ರೆವಿನ್ಯೂ ಇನ್ಸ್‌ಪೆಕ್ಟರ್ ತಮ್ಮ ಫಾರಂ ತೆಗೆದರು. “ನೋಡಮ್ಮ, ನೀನು ಹಕ್ಕಿಯೋ ಮನುಷ್ಯಳೋ ಅದು ನನ್ನ ಇಲಾಖೆಗೆ ಬರಲ್ಲ. ಮನೆ ಇದ್ರೆ ಬರ್ಕೊತೀನಿ.”

“ಇತ್ತು ಸ್ವಾಮಿ, ಇಲ್ಲೇ. ಅರಿಶಿನ ನೋಡಿ.”

“ಅರಿಶಿನಕ್ಕೆ ಇದ್ರಲ್ಲಿ ಕಾಲಂ ಇಲ್ಲ. ಗೋಡೆ ಅಂತ ಇದೆ, ಚಾವಣಿ ಅಂತ ಇದೆ. ಕಣ್ಣಿಗೆ ಕಾಣ್ಬೇಕು. ಕಂಡದ್ದನ್ನ ಬರಿಯೋದು ನನ್ನ ಕೆಲ್ಸ.”

“ಕಂಡ್ರೆ ಬರ್ಕೊತೀರಾ?”

“ಬರೀಲೇಬೇಕಲ್ಲ.”

“ಎಷ್ಟು ಹೊತ್ತು ಇರ್ತೀರಾ?”

“ಐದೂವರೆ ತನಕ ಡ್ಯೂಟಿ.”

ಚಿಕ್ಕಿ ಒಂದು ಬಂಡೆಯ ಮೇಲಿನ ಮಣ್ಣನ್ನು ಸೆರಗಿನಲ್ಲಿ ಒರೆಸಿದಳು. “ಕೂತ್ಕೊಳಿ ಸ್ವಾಮಿ. ತೋರಿಸ್ತೀನಿ.”

ಅವಳು ಕಾಫಿ ಗಿಡಗಳ ಕಡೆ ತಿರುಗಿ ಕೂಗು ಹಾಕಿದಳು. ಮೊದಲು ಎದ್ದವಳು ವಿಮಲಮ್ಮ, ಇರುವೆ ಕೊಡವುತ್ತ. ಆಮೇಲೆ ನಾನು. ಪಿಕ್ಕಿಂಗ್ ಬಿಟ್ಟು ಗಂಡಸರು ಬಂದರು. ಚಿಕ್ಕಿಯ ಗಂಡ ಸಿದ್ದ ಯಾರ ಮುಖವನ್ನೂ ನೋಡದೆ ಬೇಲಿಯ ಮೊದಲ ಕಂಬಕ್ಕೆ ತೋಳು ಸುತ್ತಿ ಅಲುಗಿಸಿ ಕಿತ್ತ.

“ಬೋಳಿಮಗನೇ, ಬೇಲಿ ಮುಟ್ಟಿದ್ರೆ ಕೈ ಕಡಿತೀನಿ!” ಎಂದು ಮೊಣ್ಣಪ್ಪನವರು ಕೂಗಿದರು. ಸಿದ್ದ ಎರಡನೆಯದನ್ನು ಕಿತ್ತ. ಅವರು ಫೋನ್ ಮೇಲೆತ್ತಿ ಬರೆಯಲ್ಲೆಲ್ಲ ಸಿಗ್ನಲ್ ಹುಡುಕಿದರು. ರೈಟರ್ ಒಂದು ಕಾಲನ್ನು ಒಳಗಿಟ್ಟ, ಬೂಟಿನ ಗುರುತು ನೋಡಿದ, ಹಿಂದಕ್ಕೆ ತೆಗೆದುಕೊಂಡ. ಮಕ್ಕಳು ಪಲ್ಪರ್ ಶೆಡ್ಡಿನಿಂದ ನೀಲಿ ಪ್ಲಾಸ್ಟಿಕ್ ಎಳೆದು ತಂದರು. ವಿಮಲಮ್ಮ ಲದ್ದಿಯ ಬುಟ್ಟಿಯಲ್ಲಿ ಮಣ್ಣು ಹೊತ್ತು ತಂದು ಸುರಿದಳು. ನಾನು ಪೊರಕೆ ಬಿಸಾಡಿ, ಉಪ್ಪಳಿಗೆಯ ಕೊಂಬೆ ಕಡಿದು ತಡಿಕೆ ಹೆಣೆಯಲು ಕೂತೆ. ಇನ್ಸ್‌ಪೆಕ್ಟರ್ ಬಂಡೆಯ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಎದ್ದು ಹೋಗಲು ನಿಯಮವಿಲ್ಲ, ತಡೆಯಲೂ ನಿಯಮವಿಲ್ಲ.

ಗಾನವಿ ಮೇಡಂ ಅರಿಶಿನದ ಕೊಂಬನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಚಿಕ್ಕಿ ಗುಂಡಿ ತೋಡಿ, ಕಂಬ ನಿಲ್ಲಿಸಿ, ಆಚೀಚೆ ನೋಡಿದಳು. ಹತ್ತಿರ ಇದ್ದವರು ಅವರೊಬ್ಬರೇ.

“ಮಗಾ, ಈ ಕಂಬ ಒಂಚೂರು ಹಿಡ್ಕೊ.”

ಮೇಡಂ ಹಿಡಿದುಕೊಂಡರು.

“ಅಲ್ಲಾಡಿಸ್ಬೇಡ. ನೆಟ್ಟಗೆ.”

ಮೇಡಂ ಎರಡೂ ಕೈಯಿಂದ ನೆಟ್ಟಗೆ ಹಿಡಿದರು. ಚಿಕ್ಕಿ ಬುಡಕ್ಕೆ ಕಲ್ಲು ತುಂಬಿ ತುಳಿದಳು. ಗಂಟೆ ಹನ್ನೆರಡೂವರೆ. ಇನ್ನೂ ಏಳು ಮನೆ ಕಟ್ಟುವುದಿತ್ತು.